ಗಾಜಿನ ಮನೆ: ಸರಕೇ ಸಭಾಂಗಣವಾದ ಚರಿತ್ರೆ

ಹೂವಿನ ಹಡಗಲಿ ಸೀಮೆಯವರಿಗೆ ಹೂವಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಂದ ಹಂಪಿಯ ದೇವಾಲಯಗಳಿಗೆ ತುಂಗಭದ್ರೆಯ ಮೇಲೆ ಹೂ ಸಾಗುತ್ತಿತ್ತೆಂದು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮೈಲಾರಲಿಂಗನ ಸನ್ನಿಧಿಯಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಲಕ್ಷಾಂತರ ಜನರ ಕೈಯಲ್ಲಿ ಭಂಡಾರದ ಜೊತೆ ಹೂವೂ ಇರುತ್ತದೆ. ಇಂಥ ಸೀಮೆಯ ಸ್ಮರಣ ಸಂಚಿಕೆಯಲ್ಲಿ ಬೆಂಗಳೂರು ಲಾಲ್‌ಬಾಗಿನ ಗಾಜಿನ ಮನೆಯ ಚರಿತ್ರೆ ಬರೆಯಲು ಹೊರಟಿರುವುದಕ್ಕೆ ಒಂದು ಕಾರಣವಿದೆ. ಹೂ ಬೆಳೆಯುವವನ ದುಡಿಮೆಗೆ ಗೌರವದ ಸೂರು ಸಿಕ್ಕರೆ ಒಂದು ನಾಡಿನ ತೋಟಗಾರಿಕೆ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಕರ್ನಾಟಕದಲ್ಲಿ ಇಲ್ಲ.

ಆ ಕಟ್ಟಡದ ಹಿಂದೆ ಇನ್ನೊಂದು ಕಥೆಯೂ ಇದೆ. ಗಾಜು, ಕಬ್ಬಿಣ ತಯಾರಿಸುವವರು ತಮ್ಮ ಸರಕನ್ನು ಜಗತ್ತಿಗೆ ತೋರಿಸಲು ಮೇಳಗಳಿಗೆ ಬಂದ ಕಥೆ ಅದು. ಇಂದು ಕಟ್ಟಡ ಸಾಮಗ್ರಿಗಳ ಮೇಳಕ್ಕೆ ಹೋದರೆ ಗಾಜಿನ ಕಂಪನಿಗಳ ಮಳಿಗೆಗಳು ಸಾಲುಸಾಲಾಗಿ ಕಾಣುತ್ತವೆ. ಮೂರು ನಾಲ್ಕು ದಿನ ಮಿಂಚಿ, ಮೇಳ ಮುಗಿದ ಸಂಜೆ ಬಿಚ್ಚಿ ಲಾರಿಗೆ ಏರುವ ಮಳಿಗೆಗಳು ಅವು. ಆದರೆ ತಯಾರಕರ ಸರಕೇ ಕಟ್ಟಡವಾಗಿ, ಆ ಕಟ್ಟಡವೇ ನೂರು ವರ್ಷಕ್ಕೂ ಮೀರಿ ಇತರರ ದುಡಿಮೆಯನ್ನು ತೋರಿಸುವ ಸಭಾಂಗಣವಾದ ಉದಾಹರಣೆ ಅಪರೂಪ. ಗಾಜಿನ ಮನೆ ಅಂಥದೊಂದು.

ಹೈಡ್ ಪಾರ್ಕಿನ ಮೇಳ

ಲಾಲ್‌ಬಾಗಿನ ಗಾಜಿನ ಮನೆಗೆ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. 1851ರ ಮೇ 1ರಂದು ವಿಕ್ಟೋರಿಯಾ ರಾಣಿ ಹೈಡ್ ಪಾರ್ಕಿನಲ್ಲಿ ಉದ್ಘಾಟಿಸಿದ ಮಹಾ ಪ್ರದರ್ಶನಕ್ಕಾಗಿ ಎದ್ದ ಕಟ್ಟಡ ಅದು. ಅದರ ನಕ್ಷೆ ಬರೆದ ಜೋಸೆಫ್ ಪ್ಯಾಕ್ಸ್ಟನ್ ಮೂಲತಃ ತೋಟಗಾರ. ಡೆವನ್‌ಶೈರ್ ಡ್ಯೂಕನ ಚಾಟ್ಸ್‌ವರ್ತ್ ತೋಟದಲ್ಲಿ ದೊಡ್ಡೆಲೆಯ ವಿಕ್ಟೋರಿಯಾ ತಾವರೆಗೆ ಗಾಜಿನ ಮನೆ ಕಟ್ಟಿ ಅನುಭವ ಪಡೆದವನು. 1850ರ ಜೂನಿನಲ್ಲಿ ರೈಲ್ವೆ ಕಂಪನಿಯೊಂದರ ಸಭೆಯಲ್ಲಿ ಕೂತಿದ್ದಾಗ ಒತ್ತು ಕಾಗದದ ಹಾಳೆಯ ಮೇಲೆ ಅವನು ಗೀಚಿದ ಗೆರೆಗಳೇ ಆ ಮಹಾಕಟ್ಟಡದ ಮೊದಲ ನಕ್ಷೆ. ಗಿಡಗಳಿಗೆ ಬೆಳಕು ಒದಗಿಸಲು ಕಲಿತ ವಿದ್ಯೆಯನ್ನು ಅವನು ಜನರಿಗೆ ಬೆಳಕು ಒದಗಿಸಲು ಬಳಸಿದ. ಕಟ್ಟಡದ ಉದ್ದ 1,848 ಅಡಿ. ಫಾಕ್ಸ್ ಹೆಂಡರ್ಸನ್ ಕಂಪನಿ ಅದರ ಗುತ್ತಿಗೆ ಹಿಡಿದು ಒಂದು ವರ್ಷ ತುಂಬುವ ಮೊದಲೇ ಕೆಲಸ ಮುಗಿಸಿತು.

ಅದಕ್ಕೆ ಬೇಕಾದ ಗಾಜು ಸುಮಾರು 9 ಲಕ್ಷ ಚದರಡಿ. ಒದಗಿಸಿದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಸ್ಮೆಥಿಕ್‌ನ ಚಾನ್ಸ್ ಬ್ರದರ್ಸ್. ಈ ಕಾರ್ಖಾನೆಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗ ಗಾಜಿನ ಹಲಗೆ ಯಂತ್ರದಿಂದ ಉರುಳಿ ಬರುತ್ತಿರಲಿಲ್ಲ. ಕುಲುಮೆಯಲ್ಲಿ ಕರಗಿದ ಗಾಜಿನ ಮುದ್ದೆಯನ್ನು ಕಬ್ಬಿಣದ ಊದುಕೊಳವೆಯ ತುದಿಗೆ ಎತ್ತಿಕೊಂಡು ಕೆಲಸಗಾರ ಬಾಯಿಂದ ಊದುತ್ತಿದ್ದ. ಗಾಜು ಬುಗ್ಗೆಯಾಗಿ ಉಬ್ಬಿದ ಮೇಲೆ ಕೊಳವೆಯನ್ನು ಆಳವಾದ ಗುಂಡಿಯ ಮೇಲೆ ಹಿಂದೆ ಮುಂದೆ ತೂಗುತ್ತಿದ್ದ. ತನ್ನದೇ ಭಾರಕ್ಕೆ ಬುಗ್ಗೆ ಜಗ್ಗಿ ಉದ್ದನೆಯ ಉರುಳೆಯಾಗುತ್ತಿತ್ತು. ಮತ್ತೆ ಕುಲುಮೆಯ ಬಾಯಿಗೆ ಹಿಡಿದು ಕಾಯಿಸುವುದು, ಮತ್ತೆ ಊದುವುದು, ಮತ್ತೆ ತೂಗುವುದು. ಉರುಳೆ ಬೇಕಾದ ಉದ್ದಕ್ಕೆ ಬಂದಾಗ ಎರಡೂ ತುದಿ ಕತ್ತರಿಸಿ, ಉದ್ದಕ್ಕೂ ವಜ್ರದ ಮೊನೆಯಿಂದ ಸೀಳಿ, ಇನ್ನೊಂದು ಕುಲುಮೆಯಲ್ಲಿ ಮೆತ್ತಗೆ ಮಾಡಿ ಬಿಡಿಸಿದರೆ ಅದು ಸಪಾಟಾದ ಹಲಗೆಯಾಗಿ ಮಲಗುತ್ತಿತ್ತು. ಎದೆಯ ಉಸಿರು, ತೋಳಿನ ಬಲ, ಕಣ್ಣಿನ ಅಳತೆ ಮೂರೂ ಒಟ್ಟಿಗೆ ಬೇಡುವ ಕಸುಬು. ಅದನ್ನು ಇಂಗ್ಲೆಂಡಿನಲ್ಲಿ ಬೇರೂರಿಸಲು ಚಾನ್ಸ್ ಬ್ರದರ್ಸ್ 1830ರ ದಶಕದಲ್ಲಿ ಯುರೋಪಿನಿಂದ ಕುಶಲ ಕೆಲಸಗಾರರನ್ನು ಕರೆತಂದಿದ್ದರು.

ಪ್ಯಾಕ್ಸ್ಟನ್ನಿನ ನಕ್ಷೆ ಈ ಕಸುಬಿನ ಮಿತಿಯನ್ನು ಗೌರವಿಸಿ ಹುಟ್ಟಿದ್ದು. ಉಸಿರಿನಿಂದ ಊದಿ ತೆಗೆಯಬಹುದಾದ ದೊಡ್ಡ ಹಲಗೆ ಎಷ್ಟು ಎಂದು ಕೇಳಿ ತಿಳಿದು 49 ಅಂಗುಲ ಉದ್ದ, 10 ಅಂಗುಲ ಅಗಲದ ಹಲಗೆಯನ್ನು ಆರಿಸಿಕೊಂಡ. ಉಳಿದೆಲ್ಲ ಅಳತೆಗಳೂ ಆ ಒಂದು ಹಲಗೆಗೆ ಹೊಂದಿಕೊಂಡವು. ಸುಮಾರು 3 ಲಕ್ಷ ಹಲಗೆಗಳು ಹೀಗೆ ತಯಾರಾದವು. ಚಾವಣಿಯ ಓಣಿಗಳ ಮೇಲೆ ಗಾಲಿಗಾಡಿಗಳಲ್ಲಿ ಕುಳಿತು ಸರಿಯುತ್ತ 80 ಜನ ಒಂದೇ ವಾರದಲ್ಲಿ 18,000ಕ್ಕೂ ಹೆಚ್ಚು ಹಲಗೆ ಕೂಡಿಸಿದ ದಾಖಲೆಯಿದೆ. ಬಿದ್ದ ಮಳೆನೀರು ಟೊಳ್ಳು ಕಂಬಗಳೊಳಗಿಂದಲೇ ಕೆಳಗಿಳಿಯುವಂತೆ ವ್ಯವಸ್ಥೆ ಮಾಡಿದ್ದರು.

ಆ ಮೇಳದಲ್ಲಿ ಗಾಜು ತಯಾರಕರು ಕಟ್ಟಡಕ್ಕೆ ಸರಕು ಕೊಟ್ಟು ಸುಮ್ಮನಾಗಲಿಲ್ಲ. ಚಾನ್ಸ್ ಬ್ರದರ್ಸ್ ತಮ್ಮ ದೀಪಸ್ತಂಭದ ಮಸೂರವನ್ನು ಪ್ರದರ್ಶನಕ್ಕಿಟ್ಟರು. ಮುಂದೆ ಜಗತ್ತಿನ ಕರಾವಳಿಗಳ ಅನೇಕ ದೀಪಸ್ತಂಭಗಳಿಗೆ ಅವರ ಮಸೂರಗಳೇ ಹೋದವು. ಬರ್ಮಿಂಗ್‌ಹ್ಯಾಮಿನ ಇನ್ನೊಂದು ಗಾಜಿನ ಮನೆತನವಾದ ಆಸ್ಲರ್, ಕಟ್ಟಡದ ನಟ್ಟನಡುವೆ 27 ಅಡಿ ಎತ್ತರದ, ಪೂರಾ ಸ್ಫಟಿಕ ಗಾಜಿನ ಕಾರಂಜಿ ನಿಲ್ಲಿಸಿತು. ಜಾತ್ರೆಯಲ್ಲಿ ತೇರಿನ ಬಳಿ ಭೇಟಿಯಾಗೋಣ ಎಂದು ನಾವು ಹೇಳಿಕೊಳ್ಳುವಂತೆ ಅಲ್ಲಿನ ಜನ ಕಾರಂಜಿಯ ಬಳಿ ಭೇಟಿಯಾಗುತ್ತಿದ್ದರು. ಆಸ್ಲರ್ ಕಂಪನಿಗೆ ಕೋಲ್ಕತ್ತೆಯಲ್ಲಿ ಅಂಗಡಿಯಿತ್ತು. ಹಿಂದೂಸ್ತಾನದ ರಾಜಮನೆತನಗಳು ಅದರ ದೊಡ್ಡ ಗಿರಾಕಿಗಳಾಗಿದ್ದವು. ಅಕ್ಟೋಬರಿನಲ್ಲಿ ಮೇಳ ಮುಗಿಯುವ ಹೊತ್ತಿಗೆ ನೋಡಿದವರ ಸಂಖ್ಯೆ 60 ಲಕ್ಷ ದಾಟಿತ್ತು. ಕೊಹಿನೂರ್ ವಜ್ರವೂ ಅಲ್ಲೇ ಇತ್ತು. ಆದರೆ ನೋಡಿ ಬಂದವರ ಬಾಯಲ್ಲಿ ಉಳಿದದ್ದು ಆ ಕಟ್ಟಡ. ಗಾಜಿಗೂ ಕಬ್ಬಿಣಕ್ಕೂ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.

ಲಾಲ್‌ಬಾಗಿಗೆ ಬಂದ ಬಗೆ

ಲಾಲ್‌ಬಾಗಿನ ಮೂಲ 1760ರಷ್ಟು ಹಿಂದಕ್ಕೆ, ಹೈದರ್ ಅಲಿಯ ಕಾಲಕ್ಕೆ ಹೋಗುತ್ತದೆ. ಟಿಪ್ಪು ಸುಲ್ತಾನ್ ದೇಶವಿದೇಶಗಳಿಂದ ಗಿಡ, ಬೀಜ ತರಿಸಿ ಅದನ್ನು ಬೆಳೆಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ತೋಟಗಾರರು ಅದರ ಮೇಲ್ವಿಚಾರಣೆಗೆ ಬಂದರು. ಅವರಲ್ಲಿ ಜಾನ್ ಕ್ಯಾಮರಾನ್ 1874ರಿಂದ 1908ರವರೆಗೆ, ಮೂವತ್ತನಾಲ್ಕು ವರ್ಷ ದುಡಿದರು. ಹೊರನಾಡಿನ ತರಕಾರಿ, ಹಣ್ಣು, ಮರಗಳನ್ನು ಮೈಸೂರು ಸೀಮೆಯ ಮಣ್ಣಿಗೆ ಹೊಂದಿಸುವುದು ಅವರ ಬದುಕಿನ ಕೆಲಸವಾಗಿತ್ತು. ಇಂದು ನಮ್ಮ ಸಂತೆಗಳಲ್ಲಿ ಸಲೀಸಾಗಿ ಸಿಗುವ ಸೀಮೆಬದನೆಯ ಪ್ರಚಾರದಲ್ಲೂ ಅವರ ಪಾಲಿದೆ.

ಹೊಸ ಗಿಡ ಬೆಳೆಸಿದರೆ ಸಾಲದು, ಅದನ್ನು ರೈತರಿಗೂ ಪಟ್ಟಣದವರಿಗೂ ತೋರಿಸಬೇಕು. ತೋರಿಸಲು ಜಾಗ ಬೇಕು. ಮಳೆಗೆ ನೆನೆಯದ, ಬಿಸಿಲಿಗೆ ಬಾಡದ, ಆದರೂ ಬೆಳಕು ತುಂಬಿದ ಜಾಗ. ಕ್ಯಾಮರಾನ್ ಕಾಲದಲ್ಲಿ, ಚಾಮರಾಜೇಂದ್ರ ಒಡೆಯರ್ ಅವರ ಆಳ್ವಿಕೆಯಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಗಾಜಿನ ಮನೆಯ ಯೋಜನೆ ರೂಪುಗೊಂಡಿತು. 1889ರ ನವೆಂಬರ್ 30ರಂದು, ಭಾರತ ಪ್ರವಾಸದಲ್ಲಿದ್ದ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ. ಅವನ ಹೆಸರಿನಲ್ಲಿಯೇ ಅದನ್ನು ಆಲ್ಬರ್ಟ್ ವಿಕ್ಟರ್ ಕನ್ಸರ್ವೇಟರಿ ಎಂದು ಕರೆದರು. ಜನ ಆ ಉದ್ದ ಹೆಸರನ್ನು ಬಿಟ್ಟು ಗಾಜಿನ ಮನೆ ಎಂದರು. ಅದೇ ನಿಂತಿತು.

ಲಂಡನ್ನಿನ ಮಾದರಿ ಬೆಂಗಳೂರಿಗೆ ಬಂದಾಗ ಹವೆಗೆ ತಕ್ಕಂತೆ ಮಾರ್ಪಾಡಾಯಿತು. ಚಳಿ ನಾಡಿನಲ್ಲಿ ಗಾಜಿನ ಮನೆ ಶಾಖವನ್ನು ಒಳಗೆ ಹಿಡಿದಿಡಬೇಕು. ಆದ್ದರಿಂದ ಅದು ನಾಲ್ಕೂ ಕಡೆ ಮುಚ್ಚಿರುತ್ತದೆ. ಬೆಂಗಳೂರಿಗೆ ಬೇಕಾದದ್ದು ಮಳೆಯಿಂದ ರಕ್ಷಣೆ, ಹದವಾದ ಬೆಳಕು, ಧಾರಾಳ ಗಾಳಿ. ಹಾಗಾಗಿ ಚಾವಣಿಗೂ ಮೇಲ್ಭಾಗಕ್ಕೂ ಗಾಜು ಹಾಕಿ ಕೆಳಭಾಗವನ್ನು ಗಾಳಿಯಾಡುವಂತೆ ಬಿಟ್ಟರು. ಎರಕದ ಕಬ್ಬಿಣದ ಸಪೂರ ಕಂಬಗಳು, ಕಮಾನುಗಳು, ಬಳ್ಳಿಯ ಕುಸುರಿ, ನಡುವೆ ಎತ್ತರವಾಗಿ ಎದ್ದ ಚಾವಣಿ, ಬದಿಗಳಿಗೆ ಚಾಚಿದ ರೆಕ್ಕೆಗಳು. ಭಾರವಾದ ಲೋಹದಿಂದ ಇಷ್ಟು ಹಗುರವಾದ ರೂಪ ತೆಗೆಯಬಹುದೆಂಬುದು ಆ ಕಾಲದ ಬೆಂಗಳೂರಿಗೆ ಹೊಸ ನೋಟವಾಗಿತ್ತು.

ಗ್ಲಾಸ್ಗೋದ ಎರಕ, ಮೈಸೂರಿನ ನವಿಲು

ಕಟ್ಟಡದ ಕಬ್ಬಿಣದ ಭಾಗಗಳು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸನ್ ಫೌಂಡ್ರಿಯಿಂದ. ಈ ಕಾರ್ಖಾನೆಯವರು ಕುಸುರಿಯ ಎರಕದಲ್ಲಿ ಜಗತ್ಪ್ರಸಿದ್ಧರು. ಅವರ ವ್ಯಾಪಾರದ ರೀತಿ ಗಮನಿಸಬೇಕಾದದ್ದು. ಕಂಬ, ಕಮಾನು, ಕಟಾಂಜನ, ಮೆಟ್ಟಿಲು, ಕಾರಂಜಿ, ವಾದ್ಯಮಂಟಪ ಎಲ್ಲವನ್ನೂ ಚಿತ್ರ ಮತ್ತು ಅಳತೆ ಸಹಿತ ದಪ್ಪ ಕ್ಯಾಟಲಾಗುಗಳಲ್ಲಿ ಅಚ್ಚು ಹಾಕಿಸಿ ಊರೂರಿಗೆ ಕಳಿಸುತ್ತಿದ್ದರು. ಮೇಳಕ್ಕೆ ಬರಲಾಗದ ಗಿರಾಕಿಯ ಮೇಜಿನ ಮೇಲೆ ಆ ಪುಸ್ತಕವೇ ಮಳಿಗೆಯಾಗುತ್ತಿತ್ತು. ಬೇಕಾದದ್ದನ್ನು ಬರೆದು ಕಳಿಸಿದರೆ ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದವು. ಬಂದ ಮೇಲೆ ಜೋಡಿಸಿ ನಿಲ್ಲಿಸುವುದಷ್ಟೇ ಕೆಲಸ.

ಲಾಲ್‌ಬಾಗಿನಲ್ಲಿ ನಿಂತ ಕೆಲಸವೇ ಮೈಸೂರು ರಾಜ್ಯದಲ್ಲಿ ಆ ಕಾರ್ಖಾನೆಯ ಶಾಶ್ವತ ಮಳಿಗೆಯಾಯಿತು ಎಂದರೆ ತಪ್ಪಿಲ್ಲ. 1897ರಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾಗಿ, ಹೆನ್ರಿ ಇರ್ವಿನ್ ನಕ್ಷೆಯಂತೆ ಹೊಸ ಅರಮನೆ ಏಳತೊಡಗಿತು. 1912ರಲ್ಲಿ ಪೂರ್ಣಗೊಂಡ ಆ ಅರಮನೆಯ ಕಲ್ಯಾಣ ಮಂಟಪದ ಎರಕದ ಕಂಬಗಳೂ ಬಣ್ಣದ ಗಾಜಿನ ಚಾವಣಿಯೂ ಗ್ಲಾಸ್ಗೋದ ಅದೇ ಕಾರ್ಖಾನೆಯಿಂದ ಬಂದವು. ಆದರೆ ಆ ಗಾಜಿನ ಮೇಲೆ ಮೂಡಿದ ನವಿಲುಗಳು, ಹೂಬಳ್ಳಿಗಳು ಮೈಸೂರಿನ ಕಲಾವಿದರ ಕಲ್ಪನೆ. ದಸರೆಗೆ ಹೋದಾಗ ಮಂಟಪದಲ್ಲಿ ತಲೆಯೆತ್ತಿ ನೋಡಿ ಬೆರಗಾದ ನಮ್ಮ ಹರಪನಹಳ್ಳಿ, ಕೂಡ್ಲಿಗಿಯ ಜನ ಲಾಲ್‌ಬಾಗಿನ ಗಾಜಿನ ಮನೆಯ ತಂಗಿಯನ್ನೇ ಕಂಡು ಬಂದಿದ್ದಾರೆ. ಸರಕು ಹೊರಗಿನದಾದರೂ ಚಿತ್ತಾರ ನಮ್ಮದಾಗಬಹುದು ಎಂದು ಅರಮನೆ ತೋರಿಸಿತು. ಸರಕೂ ನಮ್ಮದೇ ಆಗಬಹುದು ಎಂದು ತೋರಿಸುವ ಸರದಿ ಮತ್ತೆ ಲಾಲ್‌ಬಾಗಿಗೆ ಬಂತು.

ಭದ್ರಾವತಿಯ ಕಬ್ಬಿಣ

1908ರಲ್ಲಿ ಕ್ಯಾಮರಾನ್ ನಂತರ ಬಂದವರು ಜರ್ಮನಿಯ ಜಿ. ಎಚ್. ಕ್ರುಂಬಿಗಲ್. ಬರೋಡೆಯ ಗಾಯಕವಾಡರ ತೋಟಗಳಲ್ಲಿ ದುಡಿದು ಹೆಸರು ಮಾಡಿದ್ದವರು. ಬೆಂಗಳೂರಿನ ರಸ್ತೆಗಳಲ್ಲಿ ವರ್ಷದ ಒಂದಲ್ಲ ಒಂದು ಋತುವಿನಲ್ಲಿ ಒಂದಲ್ಲ ಒಂದು ಮರ ಹೂ ಬಿಟ್ಟಿರಬೇಕೆಂದು ಯೋಚಿಸಿ ನೆಡಿಸಿದವರು. ಅವರ ಮುತುವರ್ಜಿಯಿಂದ 1912ರಲ್ಲಿ ಮೈಸೂರು ತೋಟಗಾರಿಕೆ ಸಂಘ ಹುಟ್ಟಿತು. ಗಾಜಿನ ಮನೆಗೆ ಜೀವ ತುಂಬಿದ್ದು ಈ ಸಂಘ. ಪ್ರದರ್ಶನ ಏರ್ಪಡಿಸುವುದು, ಸ್ಪರ್ಧೆಗಳ ನಿಯಮ ಮಾಡುವುದು, ತೀರ್ಪುಗಾರರನ್ನು ಕರೆಸುವುದು, ಬಹುಮಾನ ಕೊಡುವುದು, ಹವ್ಯಾಸಿ ತೋಟಗಾರನನ್ನೂ ಕಸುಬಿನ ಬೆಳೆಗಾರನನ್ನೂ ಒಂದೇ ಸೂರಿನಡಿ ತರುವುದು ಇವೆಲ್ಲ ಸಂಘದ ಪಾಲಿಗೆ ಬಂದವು. ಕಟ್ಟಡವೊಂದು ಸಂಸ್ಥೆಯಾಗಬೇಕಾದರೆ ಅದನ್ನು ಬಳಸುವ ಶಿಸ್ತುಳ್ಳ ಜನ ಬೇಕು. ಆ ಜನರನ್ನು ಕ್ರುಂಬಿಗಲ್ ಕೂಡಿಸಿದರು.

1932ರಲ್ಲಿ ಎಚ್. ಸಿ. ಜವರಾಯ ಅವರು ಉದ್ಯಾನದ ಹೊಣೆ ಹೊತ್ತರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ, ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿ. ಪ್ರದರ್ಶನಗಳಿಗೆ ಜಾಗ ಸಾಲದಾಗಿ 1935ರಲ್ಲಿ ಗಾಜಿನ ಮನೆಗೆ ಪೂರ್ವದ ರೆಕ್ಕೆ ಸೇರಿಸಿದರು. ಅದಕ್ಕೆ ಬೇಕಾದ ಕಬ್ಬಿಣಕ್ಕಾಗಿ ಗ್ಲಾಸ್ಗೋಗೆ ಬರೆಯಲಿಲ್ಲ. ಕಬ್ಬಿಣ ಭದ್ರಾವತಿಯಿಂದ ಬಂತು.

ಇದರ ಮಹತ್ವ ತಿಳಿಯಲು ಭದ್ರಾವತಿಯ ಕಷ್ಟ ನೆನೆಯಬೇಕು. ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಅದರ ಬಂಡವಾಳ. ಶುರುವಾದ ವರ್ಷಗಳಲ್ಲಿಯೇ ಕಬ್ಬಿಣದ ಬೆಲೆ ಕುಸಿದು, ಕಾರ್ಖಾನೆಯನ್ನು ಮುಚ್ಚಿಬಿಡುವುದೇ ಲೇಸೆಂಬ ಮಾತು ಎದ್ದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಹೊಣೆ ಹೊತ್ತು ನಿಲ್ಲಿಸಿದರು. ಅಂಥ ಕಾರ್ಖಾನೆಯ ಸರಕು, ರಾಜ್ಯದ ಅತ್ಯಂತ ಸೊಗಸಿನ ಕಟ್ಟಡದಲ್ಲಿ, ಜಗತ್ಪ್ರಸಿದ್ಧ ಎರಕದ ಪಕ್ಕದಲ್ಲಿಯೇ ಹೆಗಲು ಕೊಟ್ಟು ನಿಂತಿತು. ಹೂ ನೋಡಲು ಬಂದ ಜನರೆಲ್ಲ ಆ ಕಂಬಗಳ ನಡುವೆ ಓಡಾಡಿದರು. ಹಳೆಯದು ಯಾವುದು, ಹೊಸದು ಯಾವುದೆಂದು ಸಾಮಾನ್ಯ ಕಣ್ಣಿಗೆ ತಿಳಿಯದಂತೆ ಎರಡೂ ಬೆಸೆದುಕೊಂಡವು. 46 ವರ್ಷಗಳ ಅಂತರದಲ್ಲಿ ಒಂದು ನಾಡು ಗಿರಾಕಿಯ ಸ್ಥಾನದಿಂದ ತಯಾರಕರ ಸ್ಥಾನಕ್ಕೆ ಏರಿದ್ದರ ದಾಖಲೆ ಆ ಒಂದೇ ಚಾವಣಿಯ ಕೆಳಗಿದೆ. ಗಾಜಿನ ಮನೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಹೆಮ್ಮೆಯ ಅಧ್ಯಾಯ ಇದು.

ಅತ್ತ ಮಾದರಿಯಾಗಿದ್ದ ಕ್ರಿಸ್ಟಲ್ ಪ್ಯಾಲೇಸ್ ಉಳಿಯಲಿಲ್ಲ. ಹೈಡ್ ಪಾರ್ಕಿನಿಂದ ಬಿಚ್ಚಿ ಸಿಡ್ನಮ್‌ನಲ್ಲಿ 1854ರಲ್ಲಿ ಮತ್ತೆ ಕಟ್ಟಿದ ಆ ಅರಮನೆ 1936ರ ನವೆಂಬರ್ 30ರ ರಾತ್ರಿ ಬೆಂಕಿಗೆ ಸುಟ್ಟುಹೋಯಿತು. ಸ್ಯಾರಸನ್ ಫೌಂಡ್ರಿ 1967ರಲ್ಲಿ ಬಾಗಿಲು ಹಾಕಿತು. ಲಾಲ್‌ಬಾಗಿನ ಮನೆ ನಿಂತಿದೆ.

ಹೂವಿನ ಸಭೆ

ಸ್ವಾತಂತ್ರ್ಯ ಬಂದ ನಂತರ ಗಾಜಿನ ಮನೆಯ ಬಾಗಿಲು ಇನ್ನಷ್ಟು ಅಗಲವಾಯಿತು. 1951ರಲ್ಲಿ ಡಾ. ಎಂ. ಎಚ್. ಮರಿಗೌಡರು ಲಾಲ್‌ಬಾಗಿನ ಹೊಣೆ ಹೊತ್ತರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದ ಅವರು, ತೋಟಗಾರಿಕೆ ಶ್ರೀಮಂತರ ಬಂಗಲೆಯ ಅಂದಕ್ಕೆ ಸೀಮಿತವಾಗಬಾರದು, ಒಣ ಬೇಸಾಯದ ರೈತನ ಕೈಗೂ ಅದು ನಾಲ್ಕು ಕಾಸು ತರಬೇಕು ಎಂದು ನಂಬಿದವರು. ಜಿಲ್ಲೆ ತಾಲ್ಲೂಕುಗಳಲ್ಲಿ ತೋಟಗಾರಿಕೆ ಕ್ಷೇತ್ರಗಳು, ಸಸಿ ಪಾಲನೆಯ ಮಡಿಗಳು ಎದ್ದವು. 1959ರಲ್ಲಿ ಹಣ್ಣು ತರಕಾರಿ ಬೆಳೆಗಾರರ ಸಹಕಾರ ಸಂಸ್ಥೆ ಹುಟ್ಟಿತು. ಹಾಪ್‌ಕಾಮ್ಸ್ ಎಂದು ನಾವೆಲ್ಲ ಬಲ್ಲ ಸಂಸ್ಥೆ. 1963ರಲ್ಲಿ ತೋಟಗಾರಿಕೆಗೇ ಪ್ರತ್ಯೇಕ ಇಲಾಖೆಯಾಯಿತು. ಪ್ರದರ್ಶನದಲ್ಲಿ ನೋಡಿದ ತಳಿಯ ಸಸಿ ಸಿಗುವ ಜಾಗ, ಬೆಳೆದದ್ದು ಮಾರುವ ಜಾಗ, ಕೇಳಿದರೆ ಹೇಳುವ ಅಧಿಕಾರಿ ಮೂರೂ ಒಂದು ಸರಪಣಿಯಾದವು. ಪ್ರದರ್ಶನ ಕಣ್ಣಿಗೆ ಹಬ್ಬವಾಗಿ ಮುಗಿಯದೆ ಹೊಲದವರೆಗೆ ತಲುಪಿದ್ದು ಹೀಗೆ.

ವರ್ಷಕ್ಕೆರಡು ಬಾರಿ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸುತ್ತ, ತೋಟಗಾರಿಕೆ ಇಲಾಖೆ ಮತ್ತು ಸಂಘ ಸೇರಿ ಫಲಪುಷ್ಪ ಪ್ರದರ್ಶನ ನಡೆಸುತ್ತ ಬಂದಿವೆ. ನಡುವಿನ ಎತ್ತರದ ಭಾಗದಲ್ಲಿ ಪ್ರತಿ ಬಾರಿ ಒಂದು ದೊಡ್ಡ ಪುಷ್ಪ ಮಾದರಿ ಏಳುತ್ತದೆ. ಅದರ ಕೆಲಸ ನೋಡುವಂಥದು. ಮೊದಲು ಕಬ್ಬಿಣದ ಸರಳುಗಳ ಚೌಕಟ್ಟು. ಅದರ ಮೈಗೆ ನೀರು ಹೀರಿ ಹಿಡಿಯುವ ಮೆತ್ತೆಗಳನ್ನು ಕಟ್ಟುತ್ತಾರೆ. ಆಮೇಲೆ ಗುಲಾಬಿ, ಸೇವಂತಿಗೆಗಳನ್ನು ಒಂದೊಂದಾಗಿ, ತೊಟ್ಟು ಓರೆಯಾಗಿ ಕತ್ತರಿಸಿ, ಮೆತ್ತೆಗೆ ಚುಚ್ಚುತ್ತ ಹೋಗುತ್ತಾರೆ. ಗೆರೆ ತಪ್ಪದಂತೆ ಬಣ್ಣ ಕೂಡಿಸಬೇಕು. ಲಕ್ಷಗಟ್ಟಲೆ ಹೂ ಹಿಡಿಯುವ ಈ ಕೆಲಸಕ್ಕೆ ಹಗಲು ರಾತ್ರಿ ಕೈಗಳು ಬೇಕು. ಪ್ರದರ್ಶನ ಹತ್ತು ಹನ್ನೊಂದು ದಿನ ನಡೆಯುವುದರಿಂದ ನಡುವೆ ಬಾಡಿದ ಹೂ ಕಿತ್ತು ಹೊಸದು ಚುಚ್ಚುವುದೂ ಉಂಟು. 2022ರ ಆಗಸ್ಟಿನ ಪ್ರದರ್ಶನ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರ ನೆನಪಿಗೆ ಮೀಸಲಾಗಿತ್ತು; ಕೊರೊನಾ ಕಾಲದ ಬಿಡುವಿನ ನಂತರ ಜನ ಹೊಳೆಯಾಗಿ ಬಂದರು. 2024ರ ಜನವರಿಯಲ್ಲಿ ಬಸವಣ್ಣನವರು ಮತ್ತು ವಚನ ಸಾಹಿತ್ಯ ವಸ್ತುವಾಗಿ, ಗಾಜಿನ ಮನೆಯೊಳಗೆ ಅನುಭವ ಮಂಟಪ ಹೂವಿನಲ್ಲಿ ಅರಳಿತು. ಕೊಟ್ಟೂರು ಬಸವೇಶ್ವರನ ನಾಡಿನವರಾದ ನಮಗೆ ಅದು ವಿಶೇಷ ಸಂತೋಷದ ಸಂಗತಿ.

ಸಂಘದ ಸ್ಪರ್ಧೆಗಳು ಇನ್ನೊಂದು ಬದಿ. ಕುಂಡದ ಗಿಡ, ಬೋನ್ಸಾಯ್, ಇಕೆಬಾನ, ತರಕಾರಿ ಕೆತ್ತನೆ, ಮನೆಯಂಗಳದ ತೋಟ, ತಾರಸಿ ತೋಟ ಎಂದು ವಿಭಾಗಗಳಿವೆ. ಇಲ್ಲಿ ಗೃಹಿಣಿಯ ತುಳಸಿಕಟ್ಟೆಯ ಪಕ್ಕದ ಕುಂಡಕ್ಕೂ ದೊಡ್ಡ ಸಂಸ್ಥೆಯ ಉದ್ಯಾನಕ್ಕೂ ತೀರ್ಪುಗಾರರ ಮುಂದೆ ನಿಲ್ಲುವ ಅವಕಾಶವಿದೆ.

ಗಾಜಿನ ಮನೆ ದೇಶದ ರಾಜಕೀಯವನ್ನೂ ಕಂಡಿದೆ. 1969ರ ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆದದ್ದು ಇಲ್ಲಿಯೇ. ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರ ಆರ್ಥಿಕ ಟಿಪ್ಪಣಿ ಆ ಅಧಿವೇಶನದ ಮುಂದೆ ಬಂದು, ಪಕ್ಷ ಆ ವರ್ಷವೇ ಇಬ್ಭಾಗವಾಯಿತು. ಅಂಥ ದೊಡ್ಡ ಸದ್ದಿನ ಸಭೆಗಳು ಬಂದುಹೋದವು. ಮತ್ತೆ ಮತ್ತೆ ಮರಳಿ ಬಂದದ್ದು ಹೂವಿನ ಸಭೆ.

ಗಾಜು ಬದಲಾದ ಕಾಲ

ಚಾವಣಿಯ ಗಾಜು ಕಾಲಕಾಲಕ್ಕೆ ಬದಲಾಗಿದೆ, ಬದಲಾಗಲೇಬೇಕು. ಗಾಜಿನ ತಯಾರಿಕೆಯೂ ಈ ನಡುವೆ ಪೂರಾ ಬೇರೆಯಾಯಿತು. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ, ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಹಲಗೆ ತೆಗೆಯುವ ವಿಧಾನವನ್ನು ಲೋಕಕ್ಕೆ ಪ್ರಕಟಿಸಿತು. ತವರದ ಮೇಲ್ಮೈ ಸಮತಟ್ಟು. ಅದರ ಮೇಲೆ ಹರಡಿದ ಗಾಜಿನ ಎರಡೂ ಮೈ ತಾನಾಗಿ ನುಣುಪಾಗುತ್ತದೆ, ಉಜ್ಜುವ ಕೆಲಸವಿಲ್ಲ. ಚಾನ್ಸ್ ಬ್ರದರ್ಸ್ ಅಷ್ಟರಲ್ಲಿ ಅದೇ ಪಿಲ್ಕಿಂಗ್ಟನ್ನಿನ ಒಡೆತನಕ್ಕೆ ಸೇರಿತ್ತು. ಬಾಯಿಯ ಉಸಿರಿನಿಂದ ಬಂದ ಗಾಜಿನ ಯುಗ ಹೀಗೆ ಮುಗಿಯಿತು. ನಮ್ಮ ನೆರೆಯ ತಮಿಳುನಾಡಿನ ಶ್ರೀಪೆರುಂಬುದೂರಿನಲ್ಲಿ ಫ್ರಾನ್ಸ್ ಮೂಲದ ಸೇಂಟ್ ಗೊಬೇನ್ 2000ದಲ್ಲಿ ತೇಲು ಗಾಜಿನ ಕಾರ್ಖಾನೆ ತೆರೆದ ಮೇಲೆ ದಕ್ಷಿಣದ ಕಟ್ಟಡಗಳಿಗೆ ಒಳ್ಳೆಯ ಗಾಜು ಹತ್ತಿರದಲ್ಲಿಯೇ ಸಿಗತೊಡಗಿತು.

ಸಾರ್ವಜನಿಕ ಕಟ್ಟಡಕ್ಕೆ ಮುಖ್ಯವಾದದ್ದು ಗಾಜಿನ ಸುರಕ್ಷತೆ. ಹಲಗೆಯನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ಎರಡೂ ಕಡೆಯಿಂದ ಗಾಳಿ ಹೊಡೆದು ಥಟ್ಟನೆ ತಣಿಸಿದರೆ ಮೇಲ್ಮೈ ಬಿಗಿದುಕೊಂಡು ಗಾಜು ಹಲವು ಪಟ್ಟು ಗಟ್ಟಿಯಾಗುತ್ತದೆ. ಒಡೆದರೂ ಚೂಪಾದ ಚೂರಾಗದೆ ಸಣ್ಣ ಸಣ್ಣ ಹರಳಾಗಿ ಉದುರುತ್ತದೆ. ಎರಡು ಹಲಗೆಗಳ ನಡುವೆ ತೆಳುವಾದ ಅಂಟುಪದರ ಇಟ್ಟು ಬೆಸೆದ ಗಾಜು ಒಡೆದರೂ ಚೂರುಗಳು ಪದರಕ್ಕೇ ಅಂಟಿಕೊಂಡಿರುತ್ತವೆ. ಕೆಳಗೆ ನಿಂತವರ ತಲೆಯ ಮೇಲೆ ಬೀಳುವುದಿಲ್ಲ. ಜನ ಸೇರುವ ಚಾವಣಿಗೆ ಇಂಥ ಗಾಜೇ ಬೇಕು.

ಇಂದು ಗಾಜು ತಯಾರಕರು ಇವನ್ನೆಲ್ಲ ತೋರಿಸುವುದು ಮೇಳಗಳಲ್ಲಿ. ಬೆಂಗಳೂರಿನ ತುಮಕೂರು ರಸ್ತೆಯ ಮಾದಾವರದಲ್ಲಿ 2007ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರ ಇಂಥ ಮೇಳಗಳ ದೊಡ್ಡ ಅಂಗಳ; ನಿರ್ಮಾಣ ಯಂತ್ರಗಳ ಎಕ್ಸ್‌ಕಾನ್ ಮೇಳ ಅಲ್ಲಿಯೇ ನಡೆಯುತ್ತದೆ. ಅಲ್ಲಿಗೆ ಹೋಗುವ ನಮ್ಮ ಸೀಮೆಯ ಗುತ್ತಿಗೆದಾರರು, ಎಂಜಿನಿಯರರು, ಮೇಸ್ತ್ರಿಗಳು ಒಂದು ಕೆಲಸ ಮಾಡಲಿ. ಮಳಿಗೆಗಳಲ್ಲಿ ಹೊಸ ಗಾಜು ನೋಡಿದ ಮೇಲೆ ಲಾಲ್‌ಬಾಗಿಗೂ ಹೋಗಿ ಬರಲಿ. ಸರಕು ಹೊಸದಾಗಿರುವಾಗ ಹೇಗೆ ಹೊಳೆಯುತ್ತದೆ ಎಂಬುದು ಮೇಳದಲ್ಲಿ ತಿಳಿಯುತ್ತದೆ. ಮಳೆ, ಬಿಸಿಲು, ಜನಜಂಗುಳಿ ಕಂಡ ಮೇಲೆ ಅದು ಹೇಗೆ ನಿಲ್ಲುತ್ತದೆ ಎಂಬುದು ಕಟ್ಟಡದಲ್ಲಿ ಮಾತ್ರ ತಿಳಿಯುತ್ತದೆ.

ದಾವಣಗೆರೆ, ಮುಂದೆ ಹಡಗಲಿ

ಗಾಜಿನ ಮನೆಯ ಮಾದರಿ ಈಗ ನಮ್ಮ ಹತ್ತಿರಕ್ಕೂ ಬಂದಿದೆ. ದಾವಣಗೆರೆಯ ಕುಂದುವಾಡ ಕೆರೆಯ ಬಳಿ ಲಾಲ್‌ಬಾಗಿನ ಮಾದರಿಯಲ್ಲಿಯೇ, ಅದಕ್ಕಿಂತ ದೊಡ್ಡದಾಗಿ, ಒಂದು ಗಾಜಿನ ಮನೆ ಎದ್ದಿದೆ. ಅಲ್ಲಿಯೂ ಫಲಪುಷ್ಪ ಪ್ರದರ್ಶನಗಳು ನಡೆಯುತ್ತವೆ. 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯವರಿಗೆ ಅದು ಮನೆಯ ಪಕ್ಕದ್ದೇ. ಮೈಲಾರದ ಮಕ್ಕಳು ಲಾಲ್‌ಬಾಗಿನವರೆಗೆ ಹೋಗದೆಯೂ ಗಾಜಿನ ಚಾವಣಿಯ ಕೆಳಗೆ ಹೂ ನೋಡಬಹುದು.

2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆಯ ಜೊತೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಒಂದೇ ಜಿಲ್ಲೆಯ ಕೂಸುಗಳಾದವು. ಈ ಜಿಲ್ಲೆಯ ಹೂವಿಗೆ ಹೆಸರಿದೆ, ಜಾತ್ರೆಗೆ ಜನವಿದೆ. ಇಲ್ಲದಿರುವುದು ಬೆಳೆಗಾರನ ಬೆಳೆ ತಲೆಯೆತ್ತಿ ನಿಲ್ಲುವ ಒಂದು ಶಾಶ್ವತ ಸೂರು. ನಸುಕಿನಲ್ಲಿ ಮೊಗ್ಗು ಬಿಡಿಸಿ, ಬಿಸಿಲೇರುವ ಮೊದಲು ಮಾರುಕಟ್ಟೆಗೆ ಓಡುವ ಮಲ್ಲಿಗೆ ಬೆಳೆಗಾರ ತನ್ನ ಹೂವನ್ನು ಮಾರುತ್ತಾನೆ, ತೋರಿಸುವುದಿಲ್ಲ. ತೋರಿಸಲು ಅವನಿಗೆ ಜಾಗವೂ ಇಲ್ಲ, ತೀರ್ಪು ಹೇಳುವವರೂ ಇಲ್ಲ, ಬಹುಮಾನವೂ ಇಲ್ಲ. ಯಾವ ಹೊಲದ ಮಲ್ಲಿಗೆ ಹೆಚ್ಚು ಹೊತ್ತು ಬಾಡದೆ ನಿಲ್ಲುತ್ತದೆ, ಯಾರ ಬೇಸಾಯದಲ್ಲಿ ರೋಗ ಕಡಿಮೆ ಎಂಬ ತಿಳಿವಳಿಕೆ ಆಯಾ ಮನೆಯಲ್ಲಿಯೇ ಉಳಿದುಬಿಡುತ್ತದೆ. ಅದನ್ನು ಹೊರಗೆ ತರುವುದು ಪ್ರದರ್ಶನದ ನಿಜವಾದ ಕೆಲಸ.

ಲಾಲ್‌ಬಾಗಿನ ಚರಿತ್ರೆ ನಮಗೆ ಕಲಿಸುವುದು ಇಷ್ಟು. ಕಟ್ಟಡದ ಜೊತೆ ಸಂಘವೂ ಹುಟ್ಟಬೇಕು; 1912ರ ಸಂಘ ಇಲ್ಲದಿದ್ದರೆ ಗಾಜಿನ ಮನೆ ಬರಿಯ ನೋಟದ ವಸ್ತುವಾಗಿ ಉಳಿಯುತ್ತಿತ್ತು. ಪ್ರದರ್ಶನದ ಹಿಂದೆ ಸಸಿ, ಸಲಹೆ, ಮಾರಾಟ ಮೂರರ ವ್ಯವಸ್ಥೆ ಇರಬೇಕು. ನಮ್ಮ ಹವೆಗೆ ತಕ್ಕ ನಕ್ಷೆ ಇರಬೇಕು. ಬೆಂಗಳೂರಿಗೆ ಗಾಳಿ ಬೇಕಾಗಿದ್ದರೆ ಹಡಗಲಿಯ ಬೇಸಗೆಗೆ ಗಾಳಿಯೊಂದಿಗೆ ದಟ್ಟ ನೆರಳೂ ಬೇಕು, ಆದ್ದರಿಂದ ಇಲ್ಲಿ ಗಾಜು ಕಡಿಮೆ, ಮರೆ ಹೆಚ್ಚು ಇರಬೇಕಾದೀತು. ಹೊರಗಿನ ಸರಕು ತಂದರೂ ಅದರ ಪಕ್ಕದಲ್ಲಿ ನಮ್ಮ ಸೀಮೆಯ ಸರಕೂ ಕುಶಲಕರ್ಮಿಗಳೂ ಹೆಗಲು ಕೊಡಬೇಕು. ಸಂಡೂರು, ಹೊಸಪೇಟೆಗಳ ಅದಿರಿನಿಂದ ಲೋಕಕ್ಕೆಲ್ಲ ಕಬ್ಬಿಣ ಹೋಗುವಾಗ ನಮ್ಮ ಹೂವಿನ ಮನೆಯ ಕಂಬಕ್ಕೆ ಕಬ್ಬಿಣ ಸಾಲದು ಎನ್ನುವ ಮಾತು ಬರಬಾರದು. ಕಟ್ಟಿದ ಮೇಲೆ ಗಾಜು ಒರೆಸುವ, ಕಬ್ಬಿಣಕ್ಕೆ ಬಣ್ಣ ಬಳಿಯುವ, ಸೀಳಿದ ಹಲಗೆ ಬದಲಿಸುವ ಹಣವನ್ನು ಮೊದಲ ದಿನವೇ ತೆಗೆದಿಡಬೇಕು.

ಈ ಸಂಚಿಕೆ ಓದುವ ಪಂಚಾಯಿತಿ ಸದಸ್ಯರು, ತೋಟಗಾರಿಕೆ ಅಧಿಕಾರಿಗಳು, ಹೂ ಬೆಳೆಗಾರರು, ಊರು ಬಿಟ್ಟು ದೊಡ್ಡ ಪಟ್ಟಣಗಳಲ್ಲಿ ನೆಲೆಸಿದ ನಮ್ಮ ಎಂಜಿನಿಯರ್ ಮಕ್ಕಳು ಎಲ್ಲರಲ್ಲೂ ನನ್ನ ವಿನಂತಿ ಇದು. ಹಡಗಲಿ ಮಲ್ಲಿಗೆಗೆ ಒಂದು ಪ್ರದರ್ಶನ ಮನೆ ಕಟ್ಟೋಣ. ದೊಡ್ಡದೇ ಆಗಬೇಕೆಂದಿಲ್ಲ. ಮೊದಲು ಬೆಳೆಗಾರರ ಸಂಘ ಕೂಡಲಿ, ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಮೈಲಾರದಲ್ಲಿ ಒಂದು ಚಪ್ಪರದ ಕೆಳಗಾದರೂ ಮೊದಲ ಪುಷ್ಪ ಸ್ಪರ್ಧೆ ನಡೆಯಲಿ. ಸೂರು ಆಮೇಲೆ ಏಳುತ್ತದೆ, ಏಳಲೇಬೇಕು.